ಉಪ್ಪಿನ ಲೆಕ್ಕ

ನನ್ನ ಕೆಲಸ ಅಟಕಾಮದ ಉಪ್ಪುಬಯಲಲ್ಲಿ.
ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ಕೊಳಗಳಲ್ಲಿ ಹರಡಿ,
ಬಿಸಿಲಿಗೆ ಒಪ್ಪಿಸಿ ಕಾಯುವುದು. ವರ್ಷ, ಒಂದೂವರೆ ವರ್ಷ.
ಮೊದಲು ನೀಲಿ, ಆಮೇಲೆ ಹಸಿರು, ಕೊನೆಗೆ ಎಣ್ಣೆಯ ಹಳದಿ.
ನನ್ನ ಪಾಲಿಗೆ ಬಂದದ್ದು ಶೀಷೆಯಲ್ಲಿ ನೀರು ಹಿಡಿದು
ಎಷ್ಟು ಲಿಥಿಯಂ ಎಂದು ಬರೆದಿಡುವುದು.
ಬಹುಪಾಲು ಬ್ಯಾಟರಿಗೆ ಹೋಗುತ್ತದೆ.
ಚಿಟಿಕೆಯಷ್ಟು ಎಲ್ಲೆಲ್ಲೋ ಸುತ್ತಿ
ಕಲಾಮಾ ಊರಿನ ನನ್ನ ತಮ್ಮನ ನಾಲಿಗೆಗೆ ಬರುತ್ತದೆ.
ಇದೇ ಉಪ್ಪೋ ಅಲ್ಲವೋ. ಡಬ್ಬಿಯ ಮೇಲೆ ಬೇರೆ ದೇಶದ ಹೆಸರಿದೆ.
ನಾನು ಇದೇ ಅಂದುಕೊಂಡಿದ್ದೇನೆ.

ನಿಬಾಲ್ಡೊ ಬ್ರೆಡ್ಡು ಸುಡುವವನು.
ಆ ಅಕ್ಟೋಬರಿನಲ್ಲಿ ಐದು ರಾತ್ರಿ ಕಣ್ಣು ಮುಚ್ಚಲಿಲ್ಲ.
ನಡುರಾತ್ರಿ ಆರುನೂರು ಬ್ರೆಡ್ಡು ಬೇಯಿಸಿ
ಪೊಲೀಸರಿಗೆ, ಬೀದಿನಾಯಿಗಳಿಗೆ, ಗಣಿಯ ಬಸ್ಸುಗಳಿಗೆ ಹಂಚಿದ.
ಸತ್ತುಹೋದ ಅಮ್ಮ ಹಿಟ್ಟಿನ ಉಬ್ಬಿನೊಳಗೆ ಉಸಿರಾಡುತ್ತಾಳೆ ಎಂದ.
ನಾವು ನಕ್ಕೆವು.
ರುಚಿಯಾಗಿತ್ತು ಆ ಬ್ರೆಡ್ಡು, ಅದೇ ತೊಂದರೆ.

ಆಮೇಲೆ ಇಳಿದ.
ಗೋಡೆಗೆ ಮುಖ. ಹಲ್ಲುಜ್ಜುವುದೊಂದು ಬೆಟ್ಟ.
ಚಮಚ ಎತ್ತಲಾರದವನು
ತನ್ನನ್ನು ಎತ್ತಿಕೊಂಡು ಎಲ್ಲಿಗೆ ಹೋದಾನು ಎಂದು
ನಾವು ಒಂದು ಬಗೆಯ ನೆಮ್ಮದಿಯಲ್ಲಿದ್ದೆವು.

ಡಾಕ್ಟರ್ ಕಿಸ್ಪೆ ಹೇಳಿದ್ದು ಬೇರೆ:
"ಮಲಗಿದಾಗಲೂ ನೋಡಿ. ಏಳುವಾಗ ಇನ್ನೂ ಹೆಚ್ಚು ನೋಡಿ.
ಕಾಲಿಗೆ ಬಲ ಮೊದಲು ಬರುತ್ತದೆ, ಮನಸ್ಸಿಗೆ ಬೆಳಕು ತಡವಾಗಿ.
ಆ ನಡುವಿನ ವಾರಗಳು ಕೆಟ್ಟವು."

ಒಂದು ಮಂಗಳವಾರ ಎದ್ದ. ಗಡ್ಡ ಬೋಳಿಸಿದ. ನಕ್ಕ.
ಇಪ್ಪತ್ತು ವರ್ಷ ಸಾಕಿದ ಹುಳಿಹಿಟ್ಟಿನ ಜಾಡಿಯನ್ನು
ಎದುರುಮನೆಯ ಗ್ರಿಸೆಲ್ಡಾಗೆ ಕೊಟ್ಟುಬಂದ:
"ದಿನಾ ಒಂದು ಹಿಡಿ ಹಿಟ್ಟು ಹಾಕು, ಮರೆಯಬೇಡ."
ಚೇತರಿಸಿಕೊಂಡ ಎಂದರು ಎಲ್ಲರೂ.
ಏಳು ದಿನದ ಪಾಳಿ ಮುಗಿಸಿ ಬಂದವಳು ನಾನು
ಕಪಾಟಿನ ಮೇಲೆ ಜಾಡಿಯ ಗುರುತು ನೋಡಿದೆ.
ಧೂಳಿನ ನಡುವೆ ದುಂಡಗೆ ಒಂದು ಸೊನ್ನೆ.

ಕೇಳಬಾರದು, ಕೇಳಿದರೆ ಬೀಜ ಬಿತ್ತಿದಂತೆ,
ಎಂದಿದ್ದಳು ಚಿಕ್ಕಮ್ಮ.
ಬೀಜ ಆಗಲೇ ಮರವಾಗಿದ್ದರೆ?
ಬೂಟು ಕೂಡ ಬಿಚ್ಚದೆ ಕೇಳಿದೆ:
"ಸಾಯಬೇಕು ಅನ್ನಿಸ್ತಿದೆಯಾ?"
ಅವನು ಕಿಟಕಿ ನೋಡಿದ. ನನ್ನ ಬೂಟಿನ ಉಪ್ಪು ನೋಡಿದ.
"ಹೂಂ" ಎಂದ,
ಬಸ್ಸಿಗೆ ಹೊತ್ತಾಯಿತೇ ಎಂದವರಿಗೆ ಹೇಳುವ ಹಾಗೆ.
ಆಮೇಲೆ ಅವನ ಹೆಗಲು ಒಂದಂಗುಲ ಕೆಳಗಿಳಿಯಿತು,
ಹೊತ್ತ ಭಾರದ ಇನ್ನೊಂದು ತುದಿಯನ್ನು ಯಾರೋ ಹಿಡಿದ ಹಾಗೆ.

ಆಸ್ಪತ್ರೆಯ ಬೆಂಚು, ಐದು ತಾಸು.
ನಾನು ಬಚ್ಚಲಿಗೂ ಎದ್ದು ಹೋಗಲಿಲ್ಲ.
ಪಕ್ಕದಲ್ಲಿ ಮಂಡಿ ತರಚಿದ ಹುಡುಗನೊಬ್ಬ
ನಮ್ಮಿಬ್ಬರ ಕೈಗಳನ್ನೇ ದಿಟ್ಟಿಸುತ್ತಿದ್ದ.

ಮೂರು ವರ್ಷವಾಯಿತು.
ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕುಡಿಯುತ್ತಾನೆ,
ರಾತ್ರಿಯೂ, ತಲೆದಿಂಬಿನ ಬದಿಗೆ ಬಾಟಲಿಯಿಟ್ಟು.
ಬೆರಳು ನಡುಗುತ್ತವೆ, ಬ್ರೆಡ್ಡಿನ ಮೇಲೆ ಎಳೆದ ಗೀರು ಸೊಟ್ಟ.
ಆಗಾಗ ರಕ್ತ ಕೊಟ್ಟು ಉಪ್ಪಿನ ಅಂಕಿ ತರುತ್ತಾನೆ:
ಇಳಿದರೆ ಅವನಿಗೆ ಅಪಾಯ, ಏರಿದರೆ ಅವನ ಮೂತ್ರಪಿಂಡಕ್ಕೆ.
ಪಾಳಿಯಲ್ಲಿ ಕೊಳದ್ದು ಬರೆಯುತ್ತೇನೆ, ಮನೆಯಲ್ಲಿ ಅವನದ್ದು.
ಒಮ್ಮೆ ರೇಗಿದ: "ನಾನೇನು ನಿನ್ನ ಕೊಳವಾ?"
ಒಮ್ಮೆ, ಮೆಲ್ಲಗೆ: "ಆ ಆರುನೂರು ಬ್ರೆಡ್ಡಿನ ರಾತ್ರಿ. ನಿನಗೆ ಗೊತ್ತಿಲ್ಲ."
ಗೊತ್ತಿಲ್ಲ. ನಿಜ.

ಜಾಡಿ ಮರಳಿ ಬಂತು. ಗ್ರಿಸೆಲ್ಡಾ ಅರ್ಧ ಇಟ್ಟುಕೊಂಡಳು,
"ಇರಲಿ, ಬೇಕಾಗಬಹುದು."
ಯಾಕೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಈಗ ಮತ್ತೆ ಅಕ್ಟೋಬರ್. ಬೆಳಕು ಬೇಗ ಏಳುತ್ತಿದೆ.
ನಿನ್ನೆ ಎರಡು ಗಂಟೆಗೇ ಅವನು ಎದ್ದ ಸದ್ದು.
ಮೈಯೆಲ್ಲ ಕಿವಿಯಾಗಿ ಮಲಗಿದ್ದೆ.
ನಲ್ಲಿ ತಿರುಗಿತು. ಒಂದು ಲೋಟ. ಇನ್ನೊಂದು ಲೋಟ.
ಬಾಗಿಲು ಮುಚ್ಚಿತು, ಮಂಚ ಕಿರುಗುಟ್ಟಿತು.
ಎಣಿಸುತ್ತ ಎಣಿಸುತ್ತ ನನಗೂ ಬಾಯಾರಿತು.